ಗುಂಡಿ ಇಲ್ಲದ ಮಿಲ್ಲು

ಮಿಲ್ಲಿನ ನೆಲದ ಆ ಗುಂಡಿಯನ್ನು ಚಿತ್ರದಿಂದ ತೆಗೆಸಿದ್ದು ಯಾರು ಎಂಬ ಬಗ್ಗೆ ನಮ್ಮ ಮೂವರಿಗೆ ಮೂರು ನೆನಪುಗಳಿವೆ. ಚಿತ್ರ ಬರೆದವಳು ಪ್ರೋಗ್ರಾಮರ್ ಹೇಳಿದ ಎನ್ನುತ್ತಾಳೆ. ಪ್ರೋಗ್ರಾಮರ್ ತಾನು ಚಿತ್ರವನ್ನು ತೆರೆಯುವ ಹೊತ್ತಿಗೆ ಅದರಲ್ಲಿ ಗುಂಡಿ ಇರಲೇ ಇಲ್ಲ ಎನ್ನುತ್ತಾನೆ. ನನಗೆ ನೆನಪಿರುವುದು, ಮೂವರೂ ಟೀ ಕುಡಿಯುತ್ತಾ ಒಟ್ಟಿಗೇ ತೀರ್ಮಾನಿಸಿದ ಹಾಗೆ. ಮೂರರಲ್ಲಿ ನನ್ನ ನೆನಪೇ ಹೆಚ್ಚು ಹಿತವಾಗಿದೆ. ಆದ್ದರಿಂದ ಅದರ ಮೇಲೆಯೇ ನನಗೆ ಮೊದಲ ಅನುಮಾನ.

ದಾವಣಗೆರೆಯ ವಿದ್ಯಾನಗರದಲ್ಲಿ, ಒಂದು ಹಾಸ್ಟೆಲ್ಲಿನ ಎದುರು ಮಹಡಿಯ ಎರಡು ಕೋಣೆಗಳಲ್ಲಿ ಕೂತು ನಾವು ಮಕ್ಕಳಿಗಾಗಿ ಒಂದು ಪತ್ತೇದಾರಿ ಕಂಪ್ಯೂಟರ್ ಆಟ ಮಾಡುತ್ತಿದ್ದೆವು. ಅದರಲ್ಲಿ ಓಡುವುದು, ಗುಂಡು ಹಾರಿಸುವುದು ಇಲ್ಲ. ಪರದೆಯ ಮೇಲೆ ಒಂದು ಜಾಗದ ಚಿತ್ರ, ಅದರೊಳಗೆ ಒಬ್ಬಳು ಪತ್ತೇದಾರಿ ಹುಡುಗಿ. ಮೌಸ್‌ನಿಂದ ಎಲ್ಲಿ ಒತ್ತಿದರೆ ಅಲ್ಲಿಗೆ ಆಕೆ ನಡೆದು ಹೋಗುತ್ತಾಳೆ. ವಸ್ತುವಿನ ಮೇಲೆ ಒತ್ತಿದರೆ ಮೂರು ಪದಗಳು ಬರುತ್ತವೆ: ನೋಡು, ಎತ್ತಿಕೋ, ಮಾತಾಡು. ಮುಚ್ಚಿಹೋದ ಅಕ್ಕಿ ಮಿಲ್ಲಿನಿಂದ ಹಿತ್ತಾಳೆಯ ತಕ್ಕಡಿಯೊಂದು ಕಾಣೆಯಾಗಿದೆ. ಸುಳಿವುಗಳನ್ನು ಕೂಡಿಸಿ ಅದನ್ನು ಹುಡುಕಬೇಕು. ಕಥೆ, ಸುಳಿವು, ಮಾತು ನನ್ನ ಪಾಲಿನ ಕೆಲಸ.

ಮಂಜು ಕವಿದ ವಿಲಾಯಿತಿ ಬಂಗಲೆ ಬೇಡ, ಮಕ್ಕಳು ದಿನಾ ನೋಡುವ ಜಾಗವೇ ಇರಲಿ ಎಂದು ಹಟ ಹಿಡಿದವನು ನಾನು. ಇದರಲ್ಲಿ ಮಾತ್ರ ಮೂವರ ನೆನಪೂ ಒಂದೇ. ಹಾಗಾಗಿ ಹರಿಹರದಿಂದ ಮಲೆಬೆನ್ನೂರಿಗೆ ಹೋಗುವ ರಸ್ತೆಯಲ್ಲಿ ನಿಜವಾಗಿಯೂ ಮುಚ್ಚಿಹೋಗಿದ್ದ ಒಂದು ಮಿಲ್ಲಿನ ಫೋಟೋ ತೆಗೆಯಲು ನಾನೂ ಚಿತ್ರಕಾರ್ತಿಯೂ ಹೋದೆವು. ಮಿಲ್ಲಿನ ಸಾವ್ಕಾರರು ವಿಭೂತಿ ಹಚ್ಚಿದ, ನಗುಮುಖದ, ಮಾತಿನ ಮನುಷ್ಯ. ಕನ್ನಡಕ ಹಾಕಿದವರೆಲ್ಲ ಅವರಿಗೆ ಮೇಷ್ಟ್ರು.

"ಫೋಟೋ ಎಷ್ಟ್ ಬೇಕಾದ್ರೂ ಹೊಡ್ಕೊಳ್ರಿ ಮೇಷ್ಟ್ರೆ. ಆ ಚೀಲ ಹಾಸೀವಲ್ಲ, ಅದ್ರ ಮ್ಯಾಲೆ ಮಾತ್ರ ಕಾಲಿಡಬ್ಯಾಡ್ರಿ. ಕೆಳಗ ಗುಂಡಿ ಐತೆ."

"ಎಷ್ಟು ಆಳ?"

"ಒಂದೂವರೆ ಆಳು. ನಾಲೆಗೆ ನೀರು ಬಿಟ್ರೆ ಜಿನುಗಿ ಅದ್ರಾಗೂ ತುಂಬ್ತೈತೆ. ನೀವು ಇಳಿದ್ರೆ ನಿಮ್ ಆಟ ಅಲ್ಲಿಗೇ ಮುಗೀತು ನೋಡ್ರಿ." ಅವರು ನಕ್ಕರು. ನಾವೂ ನಕ್ಕೆವು.

ಭತ್ತವನ್ನು ಮೇಲಕ್ಕೆ ಸಾಗಿಸುವ, ಕಬ್ಬಿಣದ ಸಣ್ಣ ಬಟ್ಟಲುಗಳ ಒಂದು ಉದ್ದ ಪಟ್ಟಿ ಇಂಥ ಮಿಲ್ಲುಗಳಲ್ಲಿ ಇರುತ್ತದೆ. ಅದರ ಬುಡ ನೆಲದ ಕೆಳಗೆ. ಅದಕ್ಕಾಗಿ ತೋಡಿದ ಗುಂಡಿ ಅದು. ಯಂತ್ರ ಬಿಚ್ಚಿ ಮಾರಿದ ಬಳಿಕ ಗುಂಡಿಯ ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೆ ಗೋಣಿಚೀಲ ಹಾಸಿದ್ದರು.

ಆಟದಲ್ಲಿ ಪ್ರತಿ ಚಿತ್ರದ ಮೇಲೂ ಕಣ್ಣಿಗೆ ಕಾಣದ ಒಂದು ಹಸಿರು ಪದರ ಇರುತ್ತದೆ. ಹಸಿರು ಬಳಿದ ಕಡೆ ಪಾತ್ರ ನಡೆಯಬಹುದು. ಒತ್ತಿದ ಜಾಗಕ್ಕೆ ಹಸಿರಿನೊಳಗೆ ಅತಿ ಹತ್ತಿರದ ದಾರಿ ಯಾವುದೋ ಅದನ್ನು ಕಂಪ್ಯೂಟರೇ ಹಿಡಿಯುತ್ತದೆ. ಗುಂಡಿ ಇದ್ದರೆ ಹಸಿರಿನ ನಡುವೆ ತೂತು ಬೀಳುತ್ತದೆ, ಪಾತ್ರ ಸುತ್ತು ಹಾಕಬೇಕು, ತಿರುವಿನಲ್ಲಿ ಆಕೆಯ ಕಾಲು ನೆಲಕ್ಕೆ ಅಂಟದೆ ಜಾರಿದಂತೆ ಕಾಣುತ್ತದೆ. ಎರಡು ದಿನ ಹೆಣಗಿದ ಮೇಲೆ ಗುಂಡಿ ಹೋಯಿತು. ಗೋಣಿಚೀಲಗಳೂ ಹೋದವು. ನೆಲ ಸಮವಾಯಿತು. ಉಳಿದದ್ದೆಲ್ಲ ಇದ್ದ ಹಾಗೇ ಉಳಿಯಿತು: ತಗಡಿನ ತೂತುಗಳು, ಗೋಡೆಯ ಮೇಲೆ ಬಣ್ಣದಲ್ಲಿ ಬರೆದ 'ಬೀಡಿ ಸೇದಬಾರದು', ಮೂಲೆಯ ಆಫೀಸು ಕೋಣೆಯ ನೀಲಿ ಬಾಗಿಲು.

ಮೊದಲ ಭಾಗ ಸಿದ್ಧವಾದಾಗ ಹರಿಹರದ ಒಂದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಏಳನೇ ತರಗತಿಯ ಹತ್ತು ಮಕ್ಕಳಿಗೆ ಆಡಲು ಕೊಟ್ಟೆವು. ಇಂಥ ಪರೀಕ್ಷೆಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ಆಟ ಮಾಡಿದವರು ಮಕ್ಕಳ ಹಿಂದೆ ನಿಂತು, ಎಲ್ಲಿ ಒತ್ತುತ್ತಾರೆ, ಎಲ್ಲಿ ಬೇಸರಪಡುತ್ತಾರೆ ಎಂದು ಬರೆದುಕೊಳ್ಳಬೇಕು. ಬಾಯಿ ಮಾತ್ರ ತೆರೆಯಬಾರದು. ಎರಡು ಜಡೆಯ ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ಮುಗಿಸಿ ಆಟದ ಹುಡುಗಿಯನ್ನು ನೀಲಿ ಬಾಗಿಲಿನ ಹತ್ತಿರ ತಂದು ನಿಲ್ಲಿಸಿದಳು. ಆ ಬಾಗಿಲು ತೆರೆಯುವುದು ಎರಡನೆಯ ಭಾಗದಲ್ಲಿ. ಅದರ ಹಿಂದೆ ನಾವು ಇನ್ನೂ ಏನನ್ನೂ ಬರೆದಿರಲಿಲ್ಲ. ಆಕೆ ಒತ್ತಿದಳು, ಒತ್ತುತ್ತಲೇ ಹೋದಳು. ಆಮೇಲೆ ಕುರ್ಚಿಯಲ್ಲೇ ಹೊರಳಿ ಕೇಳಿದಳು:

"ಸರ್, ಇದು ನಮ್ ಮನಿ ಹಿಂದಿನ ಮಿಲ್ ಅಲ್ಲೇನ್ರಿ?"

ನಾನು ಮುಗುಳ್ನಕ್ಕೆ. ಹೆಮ್ಮೆ.

"ಈ ಬಾಗ್ಲ ಹಿಂದ ಏನೈತ್ರಿ?"

"ನೀನೇ ಕಂಡುಹಿಡಿ," ಎಂದೆ.

ಈ ಎರಡು ಪದ ಹೇಳಿದೆನೆಂದು ನನಗೆ ಖಚಿತ. ನನ್ನ ಟಿಪ್ಪಣಿ ಪುಸ್ತಕದಲ್ಲಿ ಆ ದಿನದ ಸಾಲು ಇದೆ: "ಬಾಗಿಲ ಮೇಲೆ ಹನ್ನೊಂದು ಸಲ ಒತ್ತಿದಳು. ತುಂಬಾ ಒಳ್ಳೆಯದು."

ಎರಡು ದಿನ ಕಳೆದು ಶನಿವಾರ. ಬೆಳಗಿನ ಶಾಲೆ. ಮಧ್ಯಾಹ್ನ ಹನ್ನೆರಡೂವರೆಗೆ ಮುಖ್ಯೋಪಾಧ್ಯಾಯಿನಿ ಫೋನ್ ಮಾಡಿದರು.

"ಸರ್, ನಿಮ್ಮ ಆಟದಾಗಿನ ಮಿಲ್ಲು ಮಲೆಬೆನ್ನೂರು ರಸ್ತೇದೇನಾ?"

"ಹೌದು ಮೇಡಂ. ಯಾಕೆ?"

"ಆ ಎರಡು ಜಡಿ ಹುಡುಗಿ ಮನಿಗೆ ಹೋಗಿಲ್ರಿ. ಶಾಲಿ ಬಿಟ್ಟು ಒಂದು ತಾಸಾತು. ಗೆಳತಿ ಹತ್ರ 'ಬಾಗ್ಲ ಹಿಂದ ಏನೈತೆ ನೋಡ್ಕೊಂಡ್ ಬರ್ತೀನಿ' ಅಂದಿದ್ಳಂತ. ಮಿಲ್ಲಿನ ಮುಂದಿನ ಬಾಗ್ಲಿಗೆ ಬೀಗ ಐತೆ, ನೋಡಿದ್ವಿ. ಅಲ್ಲಿಲ್ಲ ಅನ್ಕೊಂಡು ಹೊಳಿ ಕಡೆ ಹುಡುಕಾಕತ್ತೀವಿ."

ಗುಂಡಿಯ ವಿಷಯ ಫೋನಿನಲ್ಲಿ ಹೇಳಿದೆ ಎಂದು ಬರೆಯಲು ಕೈ ಹೋಗುತ್ತದೆ. ಮುಖ್ಯೋಪಾಧ್ಯಾಯಿನಿಯ ನೆನಪು ಬೇರೆ: "ಒಳಗ ಹೋಗಬ್ಯಾಡ್ರಿ, ಯಾರೂ ಹೋಗಬ್ಯಾಡ್ರಿ ಅಂತ ಕಿರುಚಿದ್ರಿ. ಯಾಕಂತ ಹೇಳ್ಲಿಲ್ಲ." ಅವರ ಮಾತನ್ನೇ ನಂಬುತ್ತೇನೆ. ಆ ಧ್ವನಿ ನನ್ನದೇ ಎಂದು ಗುರುತು ಸಿಗುತ್ತದೆ.

ಸಾವ್ಕಾರರಿಗೆ ಫೋನ್ ಮಾಡಿದೆ. ಊರಾಚೆ ಇದ್ದರು. "ಚಾವಿ ನನ್ ಹತ್ರಾನೇ ಐತೆ, ಬಂದೆ ಬಂದೆ," ಎಂದು ಇಟ್ಟುಬಿಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ, ಗಾಡಿ ಓಡಿಸುತ್ತಿದ್ದರೇನೋ. ಚಿತ್ರಕಾರ್ತಿಯನ್ನು ಆಫೀಸಿನಲ್ಲೇ ಇರು ಎಂದು ಹೇಳಿ ನಾನು ಸ್ಕೂಟರ್ ಹತ್ತಿದೆ.

ಹರಿಹರದ ದಾರಿಯ ಬಗ್ಗೆ ಬರೆದದ್ದನ್ನು ಎರಡು ಸಲ ಹೊಡೆದು ಹಾಕಿದ್ದೇನೆ. ಲಾರಿ, ಬಿಸಿಲು, ಹಾರ್ನು ಎಲ್ಲ ಸರಿಯಾಗಿ ಕೂತವು. ಆದರೆ ಅವು ಯಾವ ದಿನದ ದಾರಿಯಲ್ಲಾದರೂ ಇರುತ್ತವೆ. ಅವತ್ತಿನದೇ ಎಂದು ಹೇಳಬಹುದಾದದ್ದು ಒಂದೇ. ನಮ್ಮ ಪತ್ತೇದಾರಿ ಹುಡುಗಿಯ ನಡಿಗೆ ಎಂಟು ಚಿತ್ರಗಳ ಒಂದು ಸುತ್ತು. ಎಂಟು ಮುಗಿದರೆ ಮತ್ತೆ ಒಂದರಿಂದ. ದಾರಿಯುದ್ದಕ್ಕೂ ಆಕೆ ನನ್ನ ತಲೆಯೊಳಗೆ ಸಮನೆಲದ ಮೇಲೆ ನೀಲಿ ಬಾಗಿಲಿನ ಕಡೆ ನಡೆಯುತ್ತಿದ್ದಳು. ಐದು, ಆರು, ಏಳು, ಎಂಟು. ಒಂದು. ಕಾಲು ಒಮ್ಮೆಯೂ ಜಾರಲಿಲ್ಲ. ನಾವು ಅಷ್ಟು ಚೆನ್ನಾಗಿ ಮಾಡಿದ್ದೆವು.

ನಾನು ಹೋಗುವ ಹೊತ್ತಿಗೆ ಮಿಲ್ಲಿನ ಮುಂದೆ ಮುಖ್ಯೋಪಾಧ್ಯಾಯಿನಿಯೂ ಹುಡುಗಿಯ ತಾಯಿಯೂ ನಿಂತಿದ್ದರು. ತಾಯಿ ಮನೆಯಲ್ಲಿ ರವಿಕೆ ಹೊಲಿಯುವವರು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಮೂವರೂ ಹಿಂದಕ್ಕೆ ಓಡಿದೆವು. ಹಿಂಬದಿಯಲ್ಲಿ, ನಾಲೆಗೆ ಹತ್ತಿರದ ಮೂಲೆಯಲ್ಲಿ, ಸರಳು ಕಿತ್ತುಹೋದ ಒಂದು ಕಿಟಕಿ. ಅದರ ಕೆಳಗೆ ಶಾಲೆಯ ಚೀಲ, ಪಕ್ಕದಲ್ಲಿ ಜೋಡಿಸಿಟ್ಟ ಚಪ್ಪಲಿ. ಕಾಳು ಇರುವ ಕಡೆ ಚಪ್ಪಲಿ ಮೆಟ್ಟಿ ಹೋಗಬಾರದೆಂದು ಈ ಕಡೆಯ ಮನೆಗಳಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾರೆ. ಕಾಳು ಹೋಗಿ ವರ್ಷಗಳಾಗಿದ್ದ ಮಿಲ್ಲಿಗೂ ಆಕೆ ಬರಿಗಾಲಲ್ಲಿ ಹೋಗಿದ್ದಳು.

ತಾಯಿ ಚಪ್ಪಲಿ ನೋಡಿದರು. ಕಿಟಕಿಗೆ ಮುಖ ಕೊಟ್ಟು ಎದೆ ತುಂಬ ಉಸಿರು ಎಳೆದುಕೊಂಡರು.

"ಕೂಗಬ್ಯಾಡ್ರಿ ಅಕ್ಕಾ!" ನಾನು ಅವರ ತೋಳು ಹಿಡಿದೆ.

"ಕೈ ಬಿಡ್ರಿ! ನನ್ ಮಗಳನ್ನ ನಾ ಕರೀಬಾರ್ದಾ?"

"ಕರೆದ್ರೆ ಓಡಿ ಬರ್ತಾಳೆ. ನೇರ ಓಡಿ ಬರ್ತಾಳೆ. ನಡುವೆ ಗುಂಡಿ ಇದೆ. ಮೇಲೆ ಚೀಲ ಹಾಸಿದೆ, ಕಾಣೋದಿಲ್ಲ."

ಅವರು ಮುಖ್ಯೋಪಾಧ್ಯಾಯಿನಿಯ ಮುಖ ನೋಡಿದರು. "ಯಾರ್ರಿ ಮಿಸ್ ಇವ್ರು?"

"ಆಟ ಮಾಡಿದೋರು."

ತಾಯಿ ನನ್ನನ್ನು ನೋಡಿದ ರೀತಿಯನ್ನು ಬಣ್ಣಿಸುವುದಿಲ್ಲ. ಸೆರಗು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡರು, ಅಷ್ಟೇ.

ಒಳಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ತಗಡಿನ ತೂತುಗಳಿಂದ ಇಳಿದ ಬೆಳಕಿನ ಕೋಲುಗಳು. ಅವುಗಳಾಚೆ, ಎದುರಿನ ದೂರದ ಮೂಲೆಯಲ್ಲಿ, ಬಿಳಿ ರಿಬ್ಬನ್ನು. ಆಕೆ ನಾಲೆಗೆ ಎದುರುಬದಿಯ, ಗೋದಾಮಿನ ಕಡೆಯ ಗೋಡೆಗೆ ಒರಗಿ ನಿಂತಿದ್ದಳು. ಬದುಕಿದ್ದಳು. ಕಾಲು ನೆಲದ ಮೇಲಿತ್ತು. ನಾನು ಧ್ವನಿ ತಗ್ಗಿಸಿ ಹೇಳಿದೆ:

"ನಾನಮ್ಮಾ, ಆಟದ ಸರ್. ಹೆದರಬೇಡ. ಅಲ್ಲೇ ನಿಲ್ಲು."

"ಸರ್?" ನಮ್ಮ ಕಡೆ ತಿರುಗಿ, "ಬಾಗ್ಲು ಆ ಕಡೆ ಐತ್ರಿ ಸರ್. ಆಟದಾಗ ಈ ಕಡೆ ಇತ್ತು. ಉಲ್ಟಾ ಐತೆ. ಈಗ ಆ ಕಡೆ ಹೋಗ್ತೀನಿ," ಎಂದಳು.

"ಹೋಗಬೇಡ!" ನನ್ನ ಧ್ವನಿ ಏರಿತು. ರಿಬ್ಬನ್ನು ಬೆಚ್ಚಿ ಅಲುಗಿತು. ಮತ್ತೆ ತಗ್ಗಿಸಿದೆ. "ಈಗ ನೀನು 'ನೋಡು' ಅನ್ನೋದನ್ನ ಒತ್ತೀಯ ಅನ್ಕೋ. ನೋಡು ಒತ್ತಿದ್ರೆ ಆಟದ ಹುಡುಗಿ ಏನ್ಮಾಡ್ತಾಳೆ?"

"ನಿಂತ್ಕೊಂಡು ನೋಡ್ತಾಳೆ."

"ಹಾಂ. ಕೂತ್ಕೋ. ಕಾಲ ಹತ್ತಿರ ಏನೇನಿದೆ, ಒಂದೊಂದಾಗಿ ಹೇಳು. ನಿಧಾನ."

ಆಕೆ ಕೂತಳು. "ಹೊಟ್ಟು... ಇಲಿ ಹಿಕ್ಕಿ... ಬಾಟ್ಲಿ ಮುಚ್ಚಳ..."

ಉಲ್ಟಾ ಎಂದಿದ್ದಳು. ನನ್ನ ಪ್ರಕಾರ ಗುಂಡಿ ಗೋದಾಮಿನ ಗೋಡೆಯ ಕಡೆ ಇತ್ತು, ಅಂದರೆ ಆಕೆ ಕೂತಿದ್ದ ಗೋಡೆಯ ಕಡೆ. ಆಕೆಯನ್ನು ಅಲ್ಲಿಂದ ಸರಿಸಿ ನಾಲೆಯ ಕಡೆಯ ಗೋಡೆ ಹಿಡಿದು ಬಾ ಎನ್ನಬೇಕೆಂದು ನಾಲಿಗೆಯ ಮೇಲೆ ಮಾತು ಸಿದ್ಧವಾಗಿತ್ತು. ಆದರೆ ನನಗೆ ನೆನಪಿದ್ದದ್ದು ಮಿಲ್ಲೇ ಅಥವಾ ಚಿತ್ರವೇ? ಮಿಲ್ಲನ್ನು ನಾನು ನೋಡಿದ್ದು ಒಂದು ಬೆಳಗ್ಗೆ. ಚಿತ್ರವನ್ನು ನೋಡಿದ್ದು ತಿಂಗಳುಗಟ್ಟಲೆ. ಚಿತ್ರಕಾರ್ತಿಗೆ ಫೋನ್ ಮಾಡಿದೆ.

"ಗುಂಡಿ ಯಾವ ಗೋಡೆ ಕಡೆ ಇತ್ತು?"

"ಗೋದಾಮಿನ ಕಡೆ ಅಲ್ವಾ ಸರ್... ತಡೀರಿ, ತಡೀರಿ. ಫೋಟೋನ ನಾನು ಎಡಬಲ ತಿರುಗಿಸಿದ್ದೆ. ಬಾಗ್ಲು ಬಲಗಡೆ ಬಂದ್ರೆ ಚಂದ ಅಂದಿದ್ರಲ್ಲ ನೀವು."

"ನಾನು ಹೇಳಿದ್ನಾ?"

"ಜಗಳ ಆಮೇಲ್ ಆಡಣ. ಮೂಲ ಫೋಟೋ ಕಳಿಸ್ತೀನಿ, ಒಂದ್ ನಿಮಿಷ."

ಪರದೆಯ ಮೇಲೆ ಮಸುಕಾದ ಒಂದು ಚೌಕ, ಅದರ ನಡುವೆ ತಿರುಗುವ ಉಂಗುರ. ನಾಲೆಯ ಕಡೆ ಹೋದರೆ ಸಿಗ್ನಲ್ ಬರುತ್ತಿತ್ತೇನೋ, ಕಿಟಕಿ ಬಿಡುವ ಧೈರ್ಯವಿರಲಿಲ್ಲ. ಒಳಗಿನಿಂದ ಧ್ವನಿ ಬಂತು: "ಸರ್, ಇಲ್ಲೇನೂ ಇಲ್ರಿ. ಎದ್ದೇಳ್ಲಾ?"

"ಇನ್ನೂ ಇದೆ. ಸರಿಯಾಗಿ ನೋಡು."

"ಸುಳ್ಳು ಹೇಳ್ತೀರಿ."

ತಾಯಿಯ ಉಗುರುಗಳು ನನ್ನ ಮುಂಗೈಯೊಳಗೆ ಇಳಿದಿದ್ದವು. ಅವರಿಗೂ ಗೊತ್ತಿರಲಿಲ್ಲ, ನನಗೂ ನೋವಾಗಲಿಲ್ಲ.

ಫೋಟೋ ಬಂತು. ಆದರೆ ಅವಸರದಲ್ಲಿ ಚಿತ್ರಕಾರ್ತಿ ತಿರುಗಿಸಿದ್ದನ್ನೇ ಕಳಿಸಿದ್ದರೆ? ನಾನು ಗೋಡೆಯ ಅಕ್ಷರಗಳನ್ನು ಹುಡುಕಿದೆ. ಬೀಡಿ ಸೇದಬಾರದು. ಓದಲು ಬಂತು. ತಿರುಗಿಸಿದ್ದರೆ ಅಕ್ಷರ ಕನ್ನಡಿಯೊಳಗಿನಂತೆ ಹಿಮ್ಮುಖವಾಗಿ ಇರುತ್ತಿತ್ತು. ಹಾಗಾದರೆ ಇದೇ ನಿಜವಾದ ಮಿಲ್ಲು. ಗೋಣಿಚೀಲಗಳು ನೀಲಿ ಬಾಗಿಲಿಗೂ ನಮ್ಮ ಕಿಟಕಿಗೂ ನಡುವೆ, ನಾಲೆಯ ಕಡೆ ಇದ್ದವು. ಆಕೆ ಕೂತಿದ್ದ ಗೋಡೆಯ ಉದ್ದಕ್ಕೂ ನೆಲ ಗಟ್ಟಿ. ನಾನು ಹೇಳಲಿದ್ದ ದಾರಿ ಆಕೆಯನ್ನು ನೇರವಾಗಿ ಚೀಲಗಳ ಮೇಲೆ ನಡೆಸುತ್ತಿತ್ತು.

"ಎದ್ದು ನಿಲ್ಲು. ಎರಡೂ ಕೈ ಗೋಡೆ ಮೇಲಿಡು. ಕೈ ಬಿಡದೆ, ಗೋಡೆ ಹಿಡ್ಕೊಂಡೇ ಹಿಂದಿನ ಗೋಡೆ ತನಕ ಬಾ. ಅಲ್ಲಿ ತಿರುಗಿ, ಮತ್ತೆ ಗೋಡೆ ಹಿಡ್ಕೊಂಡೇ ಈ ಕಿಟಕಿಗೆ."

"ಅಷ್ಟುದ್ದ ಯಾಕ್ರಿ? ಹಿಂಗ ಅಡ್ಡ ಬಂದ್ರ ಹತ್ರ ಆಗ್ತೈತಲ್ಲ."

ತಾಯಿ ಸೆರಗನ್ನು ಬಾಯಿಂದ ತೆಗೆದರು. ಕೂಗಲಿಲ್ಲ. ಅಡುಗೆಮನೆಯಿಂದ ಮಾತಾಡುವ ಹಾಗೆ, ಬೇಸರದ ಧ್ವನಿಯಲ್ಲಿ ಹೇಳಿದರು: "ಸರ್ ಹೇಳಿದಂಗ ಮಾಡ. ಇಲ್ಲಾಂದ್ರ ಬೆನ್ನು ಮುರೀತೀನಿ."

"ಅವ್ವಾ? ನೀನೂ ಬಂದೀಯೇನು?"

"ಗೋಡಿ ಬಿಡಬ್ಯಾಡ ಅಂದೆ."

ಆಕೆ ಬಂದಳು. ಗೋಡೆಗೆ ಕೈ ಸವರುವ ಸದ್ದು, ಉದುರುವ ಗಾರೆಯ ಸದ್ದು. ನಾನು ಹೆಜ್ಜೆ ಎಣಿಸಲಿಲ್ಲ. ಎಣಿಸಿದೆ ಎಂದು ಹಿಂದೊಮ್ಮೆ ಯಾರಿಗೋ ಹೇಳಿದ್ದೇನೆ, ಅದು ಸುಳ್ಳು. ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ಕಿಟಕಿಯ ಚೌಕಟ್ಟಿನ ಮೇಲೆ ಸುಣ್ಣ ಮೆತ್ತಿದ ಎರಡು ಅಂಗೈಗಳಿದ್ದವು. ತಾಯಿ ಮಗಳನ್ನು ಎಳೆದುಕೊಂಡರು, ಬೆನ್ನಿಗೆ ಎರಡು ಬಾರಿಸಿದರು, ಆಮೇಲೆ ಬಿಡದೆ ಅಪ್ಪಿಕೊಂಡರು.

ಸಾವ್ಕಾರರು ಬಂದು ಮುಂದಿನ ಬಾಗಿಲು ತೆಗೆದು, ಬಿದಿರು ಕೋಲಿನಿಂದ ಚೀಲ ಸರಿಸಿದರು. ಹಲಗೆ ಚೀಲದ ಜೊತೆಗೇ ಪುಡಿಯಾಗಿ ಬಂತು. ಕೆಳಗೆ ಕಪ್ಪು ನೀರು. ಅವರು ಒಂದು ಇಟ್ಟಿಗೆ ಹಾಕಿದರು. ಸದ್ದು ಬರುವುದಕ್ಕೆ ತಡವಾಗಲಿಲ್ಲ, ಆದರೆ ಆ ಸದ್ದು ಕೇಳಿದ್ದೇ ತಾಯಿ ನೆಲಕ್ಕೆ ಕುಸಿದು ಕೂತರು.

"ಹಲಗಿ ಈ ಪರಿ ಕೊಳತಾವಂತ ಗೊತ್ತಿರ್ಲಿಲ್ಲ. ನಾಳೆನೇ ಮಣ್ಣು ಹೊಡಸ್ತೀನಿ," ಎಂದರು ಸಾವ್ಕಾರರು. ಅವರ ಮುಖದಲ್ಲೂ ನಗು ಇರಲಿಲ್ಲ. "ಮೇಷ್ಟ್ರೆ, ನೀವ್ ಇದ್ದಿದ್ದಕ್ಕ ಉಳೀತು ನೋಡ್ರಿ ಜೀವ."

ತಾಯಿ ಕೂತಲ್ಲಿಂದಲೇ ನನಗೆ ಕೈ ಮುಗಿದರು. ಅವರ ಮನೆಯಲ್ಲಿ ಟೀ ಕೊಟ್ಟರು. ಅಲ್ಲಿ ನಾನು ಎಲ್ಲವನ್ನೂ ಹೇಳಿದೆ: ಗುಂಡಿ ನಮಗೆ ಗೊತ್ತಿತ್ತು, ಚಿತ್ರದಿಂದ ತೆಗೆದವರು ನಾವೇ, 'ನೀನೇ ಕಂಡುಹಿಡಿ' ಎಂದವನು ನಾನೇ. ಹೇಳುತ್ತಾ ನನ್ನ ಧ್ವನಿ ನಡುಗಿದ್ದು, ಅವರು ಸುಮ್ಮನೆ ಕೇಳಿದ್ದು ಎಲ್ಲ ನೆನಪಿದೆ.

ಸೋಮವಾರ ಶಾಲೆಯ ಹತ್ತೂ ಕಂಪ್ಯೂಟರುಗಳಿಂದ ಆಟವನ್ನು ಅಳಿಸಿದೆವು. ಪ್ರೋಗ್ರಾಮರ್ ಮಾತಿಲ್ಲದೆ ಹಸಿರಿನಲ್ಲಿ ತೂತು ಕೊರೆದ, ಚಿತ್ರಕಾರ್ತಿ ಗುಂಡಿಯನ್ನೂ ಚೀಲಗಳನ್ನೂ ಮತ್ತೆ ಬರೆದಳು. ತಿರುವಿನಲ್ಲಿ ಹುಡುಗಿಯ ಕಾಲು ಈಗ ಜಾರುತ್ತದೆ. ಹಾಗೇ ಬಿಟ್ಟಿದ್ದೇವೆ. ಹಳೆಯ ಚಿತ್ರ ಬೇಕೆಂದು ಹುಡುಕುತ್ತಿದ್ದಾಗ ತಿದ್ದುಪಡಿಗಳ ದಾಖಲೆ ತೆರೆಯಿತು. ಯಾರು, ಏನು, ಯಾಕೆ ಬದಲಿಸಿದರು ಎಂಬುದನ್ನು ಕಂಪ್ಯೂಟರು ತಾನೇ ಬರೆದಿಟ್ಟುಕೊಳ್ಳುವ ಪಟ್ಟಿ ಅದು. ಅಲ್ಲಿ ನನ್ನ ಹೆಸರಿನ ಮುಂದೆ ಒಂದು ಸಾಲು: "ಗುಂಡಿ ಬೇಡ. ನೆಲ ಸಮ ಮಾಡಿ. ಮಕ್ಕಳಿಗೆ ಗೊಂದಲ." ಟೀ ಇರಲಿಲ್ಲ, ಮೂವರೂ ಇರಲಿಲ್ಲ. ನಾನೊಬ್ಬನೇ ಬರೆದದ್ದು.

ಹಾಗಾದರೆ ಆ ಇನ್ನೊಂದು ನೆನಪು, ಹುಡುಗಿಯ ಮನೆಯಲ್ಲಿ ಟೀ ಕುಡಿಯುತ್ತಾ ಎಲ್ಲವನ್ನೂ ಒಪ್ಪಿಕೊಂಡದ್ದು? ಚಿತ್ರಕಾರ್ತಿಗೆ ಕೇಳಿದೆ. "ಅವತ್ತು ವಾಪಸ್ ಬಂದು ನೀವು ಹೇಳಿದ್ದು, ಎಲ್ಲಾರೂ ಹೊಗಳಿದ್ರು, ಏನೂ ಹೇಳಕಾಗ್ಲಿಲ್ಲ ಅಂತ," ಎಂದಳು.

ಹೋದ ವಾರ ಆ ಮನೆಗೆ ಹೋದೆ. ತಾಯಿ ಹೊಲಿಗೆ ಯಂತ್ರದ ಮುಂದೆ ಇದ್ದರು, ಮಗಳು ಪಕ್ಕದಲ್ಲಿ ಕಾಜ ಮಾಡಿದ ರವಿಕೆಗಳನ್ನು ಮಡಿಸುತ್ತಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಧ್ವನಿ ನಡುಗಲಿಲ್ಲ, ಒಣಗಿತ್ತು.

ಯಂತ್ರ ನಿಂತಿತು.

"ಅವತ್ತು ಇದನ್ನ ಹೇಳಿರಲಿಲ್ರಿ ನೀವು."

"ಇಲ್ಲ."

"ಕೈ ಮುಗಿಸ್ಕೊಂಡು ಹೋದ್ರಿ."

"ಹೌದು."

ಅವರು ದಾರ ಕಡಿದು, ಬಟ್ಟೆಯನ್ನು ಬದಿಗಿಟ್ಟರು. ಬೈಯುತ್ತಾರೆಂದು ಕಾದೆ. ಬೈದಿದ್ದರೆ ಈ ಬರಹವನ್ನು ಅಲ್ಲಿಗೆ ಮುಗಿಸಬಹುದಿತ್ತು.

"ಆಟದಾಗ ಮಿಲ್ ಒಂದೇ ಐತೋ, ಬ್ಯಾರೆ ಜಾಗನೂ ಅದಾವೋ?"

"ಇನ್ನೂ ಆರು ಇವೆ."

"ಎಲ್ಲಾ ಈ ಊರವೇ?"

"ಇಲ್ಲಿಯವೇ. ದಾವಣಗೆರೆಯವೂ ಇವೆ."

"ಅವ್ರಾಗ ಏನೇನ್ ತೆಗದೀರಿ?"

ನಾನು ಬಾಯಿ ತೆರೆದೆ. ಏನೂ ತೆಗೆದಿಲ್ಲ ಎನ್ನಬೇಕೆಂದಿದ್ದೆ. ಹೊಳೆಯ ಮೆಟ್ಟಿಲುಗಳ ಚಿತ್ರ ಕಣ್ಣ ಮುಂದೆ ಬಂತು. ಎಲ್ಲ ಮೆಟ್ಟಿಲೂ ನೇರ, ಎಲ್ಲವೂ ಒಣಗಿದವು. ಕೊನೆಯ ಮೂರು ನಿಜದಲ್ಲಿ ಹೇಗಿದ್ದವು?

"ನೋಟ್‌ಬುಕ್ ತಗಾ," ಎಂದರು ತಾಯಿ ಮಗಳಿಗೆ. "ಸರ್ ಹೇಳ್ತಾರ, ಬರ್ಕಾ. ನಿನ್ ಕ್ಲಾಸಿನ್ಯಾಗ ಎಲ್ಲಾರಿಗೂ ಓದಿ ಹೇಳ್ಬೇಕು."

ಹುಡುಗಿ ಪುಸ್ತಕ ಬಿಡಿಸಿ, ಹಾಳೆಯ ಬದಿಗೆ ಒಂದು ಎಂದು ಬರೆದು, ಪೆನ್ನು ಹಿಡಿದು ನನ್ನ ಮುಖ ನೋಡಿದಳು. ನಾನು ಹೊಳೆಯ ಮೆಟ್ಟಿಲಿನಿಂದ ಶುರು ಮಾಡಿದೆ. ಆಕೆ ಬರೆದು ಮುಗಿಸಿ ಎರಡು ಎಂದು ಹಾಕಿದಳು.

"ಆಮ್ಯಾಲೆ, ಸರ್?"